ಮೊಂಡಿಯ ಕಂದುಗಳು

ತ್ರುಫಾತ್ ಅಜ್ಜಿ ಎಲೆಯ ದಂಟನ್ನು ಬುಡದ ಹತ್ತಿರ ಕೊಯ್ದು, ಕೊಯ್ದ ತುದಿಯನ್ನು ಇನ್ಸ್‌ಪೆಕ್ಟರ್ ಸೆಬ್ಸಿಬೆಯ ಮೂಗಿನ ಮುಂದೆ ಹಿಡಿದಳು.

"ಸ್ವಲ್ಪ ತಾಳು ಮಗಾ," ಅಂದಳು. "ತಾನಾಗೇ ಬರುತ್ತೆ."

ಬಂತು. ಮೊದಲು ಕೊಯ್ದ ಜಾಗ ಬೆಳ್ಳಗೆ ಒದ್ದೆಯಾಗಿತ್ತು, ಅಷ್ಟೆ. ಆಮೇಲೆ ದಂಟಿನ ಸಣ್ಣ ಸಣ್ಣ ಕಣ್ಣುಗಳಿಂದ ಹಳದಿ ಲೋಳೆ ಹನಿಹನಿಯಾಗಿ ಮೇಲೆದ್ದು, ಕೀವು ಸೋರುವ ಹಾಗೆ ಅಂಚಿನಿಂದ ಕೆಳಗಿಳಿಯಿತು.

ಈ ಲೋಳೆಯನ್ನು ಗುರಾಗೆ ಸೀಮೆಯಲ್ಲಿ ಚಿಕ್ಕ ಮಕ್ಕಳೂ ಗುರುತಿಸುತ್ತಾರೆ. ಮೊದಲು ನಡುವಿನ ಎಲೆ ಹಳದಿಯಾಗಿ ಬಾಗುತ್ತದೆ. ಆಮೇಲೆ ಉಳಿದ ಎಲೆಗಳು. ಕೊನೆಗೆ ದಿಂಡೇ ಕೊಳೆತು ಕುಸಿಯುತ್ತದೆ. ನೋಡಲು ಬಾಳೆಯಂತಿದ್ದರೂ ಈ ಎನ್ಸೆಟ್ ಗಿಡವನ್ನು ಇಲ್ಲಿ ಯಾರೂ ಹಣ್ಣಿಗಾಗಿ ಬೆಳೆಯುವುದಿಲ್ಲ. ಅದರ ದಿಂಡನ್ನೂ ಗೆಡ್ಡೆಯನ್ನೂ ಹೆರೆದು, ಗುಂಡಿಯಲ್ಲಿ ಹುಳಿ ಬರಿಸಿ, ಆ ಹಿಟ್ಟಿನಿಂದ ಕೊಚೊ ರೊಟ್ಟಿ ಸುಡುತ್ತಾರೆ. ಗಿಡ ಬಲಿಯಲು ವರ್ಷಗಳೇ ಬೇಕು. ಮನೆಯ ಹಿಂದಿನ ತೋಟ ಹೋಯಿತೆಂದರೆ ಅಷ್ಟೂ ವರ್ಷಗಳ ಊಟ ಹೋದಂತೆ.

ಆದರೆ ಸೆಬ್ಸಿಬೆ ನೋಡುತ್ತಿದ್ದುದು ಲೋಳೆಯನ್ನಲ್ಲ. ಅಜ್ಜಿಯ ಕೈಯಲ್ಲಿದ್ದ ಎಲೆಯ ನಡುನರವನ್ನು. ಅದು ಕಪ್ಪಗಿತ್ತು.

ಇಡೀ ಜಿಲ್ಲೆಯಲ್ಲಿ ಕಪ್ಪು ನರದ ಎನ್ಸೆಟ್ ಇದ್ದದ್ದು ಒಂದೇ ಕಡೆ, ಬೆಟ್ಟದ ಮೇಲಿನ ಸಂಶೋಧನಾ ಕೇಂದ್ರದಲ್ಲಿ. ಕಾಫಾ ಕಾಡಿನಿಂದ ತಂದ ಬೀಜದಲ್ಲಿ ಹುಟ್ಟಿದ ಕಾಡುಗಿಡ. ಎಷ್ಟು ಸಲ ರೋಗಾಣು ಚುಚ್ಚಿದರೂ ಬಾಡದೆ ನಿಂತದ್ದಕ್ಕೆ ಅಲ್ಲಿನ ಕೆಲಸದ ಹೆಂಗಸರು ಅದಕ್ಕೆ ಮೊಂಡಿ ಎಂದು ಹೆಸರಿಟ್ಟಿದ್ದರು. ಹೋದ ಮಳೆಗಾಲದಲ್ಲಿ ಮೊಂಡಿ ಗೆಡ್ಡೆ ಸಮೇತ ಕಾಣೆಯಾಗಿತ್ತು. ಅದರ ಕಾವಲುಗಾರ ಶೆಮ್ಸು ತಲೆಯೊಡೆದು ಬೇಲಿಯಾಚೆಯ ಚರಂಡಿಯಲ್ಲಿ ಬಿದ್ದಿದ್ದ. ಒಂದು ಮಾತೂ ಆಡದೆ ಆಸ್ಪತ್ರೆಯಲ್ಲಿ ತೀರಿಕೊಂಡ. ಅಂದಿನಿಂದ ಕೇಸು ಇದ್ದಲ್ಲೇ ಇತ್ತು. ಹೋದ ವಾರ ಸೆಬ್ಸಿಬೆಯ ಹೆಂಡತಿ ಅಸ್ಕಾಲೆ ಸಂತೆಯಲ್ಲಿ ಚೆನ್ನಾಗಿ ಕಂಡ ಎನ್ಸೆಟ್ ಕಂದೊಂದನ್ನು, ಗೆಡ್ಡೆಯಿಂದೆದ್ದ ಎಳೆ ಸಸಿಯನ್ನು, ತಂದು ಹಿತ್ತಲಲ್ಲಿ ನೆಟ್ಟಳು. ಸಂಜೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಇನ್ಸ್‌ಪೆಕ್ಟರ್ ಚೊಂಬು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ. ಕಂದಿನ ಎಲೆಯ ನರ ಕಪ್ಪಾಗಿತ್ತು.

ಆ ಕಂದು ಮಾರಿದವಳನ್ನು ಹುಡುಕಿ, ಅವಳಿಗೆ ಕೊಟ್ಟವಳನ್ನು ಹುಡುಕಿ, ಇವತ್ತು ಬೆಳಗ್ಗೆ ಯೆಶೆರೆ ಎಂಬ ಈ ಊರಿಗೆ ಬಂದು ಮುಟ್ಟಿದ್ದ.

"ಎಮಾಮ, ಇದರ ಗೆಡ್ಡೆ ನಿಮಗೆ ಕೊಟ್ಟೋರು ಯಾರು?"

ಊರಿನ ಎಲ್ಲರಿಗೂ ಅವಳು ಎಮಾಮ, ಅಜ್ಜಿ. ಪೊಲೀಸರಿಗೂ ಅಷ್ಟೆ. ಅವಳು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಕಾಫಿ ಆರುತ್ತಿದೆ, ಕುಡಿದು ಮಾತಾಡು ಅಂದಳು. ಅವನು ಆಮೇಲೆ ಕುಡಿಯುತ್ತೇನೆ ಅಂದ. ಪೊಲೀಸಿನವರು ಕಾಫಿ ಬೇಡ ಅಂದರೆ ಏನೋ ದೊಡ್ಡದೇ ಇರಬೇಕು ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡು, ಕಲ್ಲಿನ ಮೇಲೆ ಕೂತಳು.

"ಶೆಮ್ಸು ಕೊಟ್ಟ," ಅಂದಳು.

ಸೆಬ್ಸಿಬೆ ಯಾರ ಹೆಸರನ್ನಾದರೂ ನಿರೀಕ್ಷಿಸಿದ್ದ, ಸತ್ತವನ ಹೆಸರನ್ನಲ್ಲ. ವರ್ಷವಿಡೀ ಅವನು ಒಬ್ಬ ಕಳ್ಳನನ್ನು ಹುಡುಕಿದ್ದ. ವಿದೇಶಿ ಬೀಜದ ಕಂಪನಿಯ ಏಜೆಂಟರನ್ನು ಕೂರಿಸಿಕೊಂಡು ಬೆವರಿಳಿಸಿದ್ದ. ಕೇಂದ್ರದವರೇ ರೋಗ ಹರಡುತ್ತಿದ್ದಾರೆಂದು ಕಲ್ಲೆಸೆದಿದ್ದ ಯುವಕರನ್ನು ಲಾಕಪ್ಪಿಗೆ ಹಾಕಿದ್ದ. ಕಳ್ಳ ಮಾತ್ರ ಮೊದಲ ದಿನದಿಂದಲೂ ಅವನ ಕಡತದಲ್ಲೇ, ಕೊಲೆಯಾದವನ ಜಾಗದಲ್ಲಿ ಕೂತಿದ್ದ.

ಅಜ್ಜಿ ಮುಚ್ಚಿಡದೆ ಹೇಳಿದಳು. ಶೆಮ್ಸು ಚಿಕ್ಕ ವಯಸ್ಸಲ್ಲೇ ಬೇರೆ ಕಡೆಯಿಂದ ಬಂದು ಇದೇ ಊರಿನವನಾದವನು. ಅವತ್ತು ಬೆಳಕು ಹರಿಯುವ ಹೊತ್ತಿಗೆ ಗೋಣಿಚೀಲ ಹೊತ್ತು ಅವಳ ಬಾಗಿಲಿಗೆ ಬಂದಿದ್ದ. ಚೀಲದಲ್ಲಿ ಎರಡು ಗೆಡ್ಡೆಗಳಿದ್ದವು. ದೊಡ್ಡದನ್ನು ಅವಳ ಮುಂದಿಟ್ಟು, ಇದು ಊರಿಗೆ ಅಂದ. ಎಲ್ಲ ಮನೆಗೂ ಹಂಚಬೇಕು, ಯಾರ ಹತ್ತಿರವೂ ದುಡ್ಡು ಕೇಳಬಾರದು ಅಂದ. ಇನ್ನೊಂದು ತೆಂಗಿನಕಾಯಿಯಷ್ಟು ಸಣ್ಣದು. ಅದನ್ನು ಚೀಲದಲ್ಲೇ ಉಳಿಸಿಕೊಂಡ. ನಮ್ಮನೆಗೆ ಇಷ್ಟೇ ಸಾಕು ಅಂದ. ಮನೆಗೆ ಹೋಗಿ ಅದನ್ನು ಹೂತಿಟ್ಟು, ಮತ್ತೆ ಕೇಂದ್ರಕ್ಕೆ ಹೋಗಿ, ಡಾಕ್ಟರಿಗೆ ಎಲ್ಲ ಹೇಳಿಬಿಡ್ತೀನಿ ಅಂದಿದ್ದ.

"ಹೇಳೋಕೆ ಹೋದೋನು ವಾಪಸ್ ಬರ್ಲಿಲ್ಲ," ಅಂದಳು ಅಜ್ಜಿ.

ಊರಿನ ಹೆಂಗಸರು ಸೇರಿ ದೊಡ್ಡ ಗೆಡ್ಡೆಯನ್ನು ಸೀಳಿ, ಸಗಣಿ ಗೊಬ್ಬರ ಹಾಕಿ ಹೂತರು. ಮಳೆ ಬಿದ್ದ ಮೇಲೆ ಅದರ ಸುತ್ತ ಕಂದುಗಳು ಗುಂಪುಗುಂಪಾಗಿ ಎದ್ದವು. ಮಾತು ಕೊಟ್ಟಂತೆ ಮನೆಮನೆಗೆ ಹಂಚಿದರು. ನೆಂಟರಿಷ್ಟರ ಊರುಗಳಿಗೂ ಹೋದವು. ಅಲ್ಲಿಂದ ಯಾರೋ ಸಂತೆಗೂ ಒಯ್ದರು.

"ಕದ್ದ ಮಾಲು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ವರ್ಷ ಪೂರ್ತಿ ನಾನು ಈ ಊರಿಗೆ ಓಡಾಡಿದೆ. ಒಬ್ಬರಾದ್ರೂ ಬಾಯಿ ಬಿಡಬಾರದಿತ್ತಾ?"

ಅಜ್ಜಿ ಅವನನ್ನು ನೇರವಾಗಿ ನೋಡಿದಳು. "ಸತ್ತೋನ ಮೇಲೆ ಕಳ್ಳ ಅನ್ನೋ ಹೆಸರು ಹೊರಿಸ್ಲಾ? ಅವನ ಹೆಂಡತಿ ಮಿಸ್ಕಿಯಾ ಆಗ ಏಳು ತಿಂಗಳ ಬಸುರಿ. ಸರ್ಕಾರ ಆ ಗಿಡಾನ ಬೇಲಿ ಹಾಕಿ ಮದುಮಗಳ ಥರ ಕಾಯ್ತಾ ಇತ್ತು. ಬೇಲಿ ಈಚೆ ನಮ್ಮ ತೋಟ ಒಣಗ್ತಾ ಇತ್ತು. ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಎದ್ದು ಅವನನ್ನು ತೋಟದೊಳಗೆ ಕರೆದುಕೊಂಡು ಹೋದಳು.

ಕಪ್ಪು ನರದ ಕಂದುಗಳು ಅಲ್ಲಲ್ಲಿ ನಿಂತಿದ್ದವು. ಕೆಲವು ಬಾಗಿದ್ದವು. ಕೆಲವು ಏನೂ ಆಗದ ಹಾಗೆ ಹಸಿರಾಗಿದ್ದವು. ಅವುಗಳ ಪಕ್ಕದಲ್ಲಿದ್ದ ಹಳೇ ಗಿಡಗಳು, ಅಜ್ಜಿಯ ಅತ್ತೆ ನೆಟ್ಟ ತಳಿಯವು, ಆಳೆತ್ತರದವು, ಎಲ್ಲವೂ ಹಳದಿ. ಒಂದರ ದಿಂಡನ್ನು ಅವಳು ಅಂಗೈಯಿಂದ ತಳ್ಳಿದಳು. ಅದು ಸದ್ದಿಲ್ಲದೆ ಪಕ್ಕಕ್ಕೆ ವಾಲಿ ಮುರಿಯಿತು.

"ಎಲೆ ಕೊಯ್ಯೋಕೆ ಒಂದೇ ಕತ್ತಿ," ಅಂದಳು. "ಮೊದಲು ಇದಕ್ಕೆ, ಆಮೇಲೆ ಅದಕ್ಕೆ. ಮೊಂಡಿಗೆ ರೋಗ ಬರೋದೇ ಇಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರಲ್ಲ. ನಾವು ನಂಬಿದ್ವಿ."

ಅಷ್ಟರಲ್ಲಿ ಕೃಷಿ ಕಚೇರಿಯ ಮಂದೆಫ್ರೊ ಪಕ್ಕದ ಮನೆಗಳನ್ನು ನೋಡಿಕೊಂಡು ಬಂದ. ಬೆಳಗ್ಗೆ ಸೆಬ್ಸಿಬೆಯ ಜೀಪಿನಲ್ಲೇ ಬಂದಿದ್ದವನು, ದಾರಿಯುದ್ದಕ್ಕೂ ತಮಾಷೆ ಮಾಡಿಕೊಂಡು ಬಂದಿದ್ದವನು. ಈಗ ಅವನ ಮುಖ ಬೂದಿಯಾಗಿತ್ತು. ನೋಡಿದ ಪ್ರತಿ ಹಿತ್ತಲಲ್ಲೂ ಇದೇ ಕತೆ ಅಂದ. ಕಪ್ಪು ನರದ ಕಂದುಗಳನ್ನು ಒಂದೂ ಬಿಡದೆ ಕಿತ್ತು, ಕೊಚ್ಚಿ, ಆಳವಾದ ಗುಂಡಿಯಲ್ಲಿ ಹೂಳಬೇಕು, ಇವತ್ತೇ ಶುರುವಾಗಬೇಕು, ತಡಮಾಡಿದರೆ ಹೊಳೆಯಾಚೆಗೂ ಹೋಗುತ್ತದೆ ಅಂದ. ಹೆಂಗಸರು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಪೊಲೀಸರ ಅಪ್ಪಣೆ ಬೇಕು ಅಂದ.

"ನಿಮ್ಮ ಹಿತ್ತಲಿಂದು?" ಅಂತಲೂ ಕೇಳಿದ, ಅಳುಕುತ್ತ.

"ಮೊದಲು ಅದನ್ನೇ ಕೀಳ್ಸಿ. ಅಸ್ಕಾಲೆಗೆ ನಾನು ಹೇಳಿದೆ ಅಂತ ಹೇಳಿ," ಅಂದ ಸೆಬ್ಸಿಬೆ. ಜೊತೆಗಿದ್ದ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಮಂದೆಫ್ರೊನ ಜೊತೆಗೆ ಬಿಟ್ಟ.

ತ್ರುಫಾತ್ ಅಜ್ಜಿ ಅಳಲಿಲ್ಲ, ಬಯ್ಯಲಿಲ್ಲ. ಗುದ್ದಲಿ ಎಲ್ಲಿದೆ ಎಂದು ಮೊಮ್ಮಗಳನ್ನು ಕೇಳಿದಳು. ಜೀಪು ಹತ್ತುವಾಗ ಸೆಬ್ಸಿಬೆ ಹಿಂತಿರುಗಿ ನೋಡಿದ. ಅವಳಾಗಲೇ ಮೊದಲ ಕಂದಿನ ಬುಡಕ್ಕೆ ಗುದ್ದಲಿ ಹಾಕಿದ್ದಳು.

* * *

ಡಾಕ್ಟರ್ ಜೆರ್ಗಾವ್ ಸಂಶೋಧನಾ ಕೇಂದ್ರದ ಗಾಜಿನ ಮನೆಯ ಮೂಲೆಯಲ್ಲಿ ಕೂತು ಸಸಿಗಳಿಗೆ ನೀರು ಚಿಮುಕಿಸುತ್ತಿದ್ದರು. ಗಿಡ್ಡನೆಯ, ದುಂಡು ಮೈಯ ಮನುಷ್ಯ. ಗಡ್ಡ ನೀಟಾಗಿ ಬೋಳಿಸಿದ ಮುಖ. ಕಾಫಾ ಕಾಡಿನಲ್ಲಿ ಜಿಗಣೆಗಳ ನಡುವೆ ತಿಂಗಳುಗಟ್ಟಲೆ ಅಲೆದು, ಕಾಡು ಎನ್ಸೆಟ್ಟಿನ ಬೀಜ ಆರಿಸಿ ತಂದವರು ಇವರೇ. ಮನುಷ್ಯ ನೆಡುವ ಎನ್ಸೆಟ್ ಗೆಡ್ಡೆಯಿಂದಲೇ ಗೆಡ್ಡೆಯಾಗುತ್ತ ಬಂದದ್ದು, ಅದರಲ್ಲಿ ಹೊಸದೇನೂ ಹುಟ್ಟುವುದಿಲ್ಲ, ಬೀಜದಿಂದ ಹುಟ್ಟುವ ಕಾಡುಗಿಡದಲ್ಲಿ ಮಾತ್ರ ರೋಗವನ್ನು ತಡೆಯುವ ಗುಣ ಎಲ್ಲೋ ಅಡಗಿರಬಹುದು ಎಂದು ಅವರು ಎಷ್ಟೋ ವರ್ಷ ಎಲ್ಲರಿಗೂ ಹೇಳಿದ್ದರು. ಮೊಂಡಿ ಸಿಕ್ಕ ಮೇಲೆ ಎಲ್ಲರೂ ಕೇಳಿಸಿಕೊಂಡಿದ್ದರು.

ಸೆಬ್ಸಿಬೆ ಪ್ಲಾಸ್ಟಿಕ್ ಚೀಲದಿಂದ ದಂಟಿನ ತುಂಡನ್ನು ತೆಗೆದು ಅವರ ಮುಂದಿನ ಮೇಜಿನ ಮೇಲಿಟ್ಟ. ಲೋಳೆ ಒಣಗಿ ಅಂಟಾಗಿತ್ತು.

ಜೆರ್ಗಾವ್ ಅದನ್ನು ನೋಡಿದರು. ಕಪ್ಪು ನರವನ್ನು ನೋಡಿದರು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ನೀರಿನ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟರು.

ಅದೇ ಸೆಬ್ಸಿಬೆಯ ಕಣ್ಣಿಗೆ ಬಿತ್ತು. ಜಗತ್ತಿಗೆಲ್ಲ ಮೊಂಡಿ ರೋಗವನ್ನು ಗೆದ್ದ ಗಿಡ. ಅದರ ಕಂದೇ ರೋಗದ ಲೋಳೆ ಸುರಿಸುತ್ತಿರುವುದನ್ನು ಕಂಡರೆ ಅದನ್ನು ಬೆಳೆಸಿದವರು ಬೆಚ್ಚಿಬೀಳಬೇಕಿತ್ತು. ಸುಳ್ಳು ಅನ್ನಬೇಕಿತ್ತು. ಇವರು ತಲೆ ತಗ್ಗಿಸಿದ್ದರು.

"ನಿಮಗೆ ಆಶ್ಚರ್ಯ ಆಗ್ಲಿಲ್ಲ ಡಾಕ್ಟರ್."

ಸೆಬ್ಸಿಬೆ ಯೆಶೆರೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದ. ಶೆಮ್ಸು ಗೆಡ್ಡೆ ತಂದದ್ದು, ಹೆಂಗಸರು ಹಂಚಿದ್ದು, ತೋಟಗಳು ಹೋದದ್ದು. ಕೊನೆಗೆ, ಶೆಮ್ಸು ಡಾಕ್ಟರಿಗೆ ಹೇಳಿಬಿಡುತ್ತೇನೆಂದು ಇಲ್ಲಿಗೇ ವಾಪಸ್ ಬಂದದ್ದು.

ಜೆರ್ಗಾವ್ ಮುಖವೆತ್ತಿದರು. "ನನ್ನ ಹತ್ರ ಬರಲಿಲ್ಲ ಇನ್ಸ್‌ಪೆಕ್ಟರ್. ನಾನಿರಲೇ ಇಲ್ಲ. ಅವತ್ತು ರಾಜಧಾನಿಯಲ್ಲಿದ್ದೆ, ಮೊಂಡಿಗೆ ಬಂದ ಪದಕ ತಗೊಳ್ಳೋಕೆ. ನೀವೇ ವಿಚಾರಿಸಿ ನೋಡಿದೀರಿ."

ನಿಜ. ಸೆಬ್ಸಿಬೆ ಅದನ್ನು ಆಗಲೇ ಖಚಿತಪಡಿಸಿಕೊಂಡಿದ್ದ. ಪದಕದ ಫೋಟೋ ಕೂಡ ನೋಡಿದ್ದ.

"ಹಾಗಾದ್ರೆ ಅವನು ಯಾವ ಡಾಕ್ಟರ ಹತ್ರ ಹೋದ?"

ತಮಗೆ ಗೊತ್ತಿಲ್ಲ ಅಂದರು ಜೆರ್ಗಾವ್. ಶೆಮ್ಸು ಕದ್ದ ಎನ್ನುವುದೇ ಇವತ್ತು ಗೊತ್ತಾದದ್ದು, ಕಂಪನಿಯವರೇ ಯಾರನ್ನೋ ಕಳಿಸಿ ಅವನನ್ನು ಹೊಡೆದು ಒಯ್ದರೆಂದು ನಂಬಿದ್ದೆ ಅಂದರು. ಅವರ ದನಿ ಸಹಜವಾಗಿತ್ತು. ಸೆಬ್ಸಿಬೆ ನಂಬಿದ. ಆದರೆ ಆ ತಗ್ಗಿಸಿದ ತಲೆ ಇನ್ನೂ ಅವನ ಕಣ್ಣ ಮುಂದಿತ್ತು.

"ಇದೊಂದಕ್ಕೆ ಉತ್ತರ ಕೊಡಿ ಸಾಕು," ಅಂದು ದಂಟಿನ ತುಂಡನ್ನು ಅವರ ಕಡೆ ಸರಿಸಿದ. "ಮೊಂಡಿಗೆ ರೋಗ ಬರಲ್ಲ ಅಂದ್ರಿ. ಇದೇನು?"

ಜೆರ್ಗಾವ್ ಕೈಗಳನ್ನು ಒರೆಸಿಕೊಂಡರು. ಆಮೇಲೆ, ಯಾರದೋ ವಿಷಯ ಹೇಳುವವರ ಹಾಗೆ ಹೇಳತೊಡಗಿದರು.

ಮೊಂಡಿಯ ಒಂದು ಎಲೆಯೂ ಎಂದೂ ಹಳದಿಯಾಗಲಿಲ್ಲ. ಅದು ಸುಳ್ಳಲ್ಲ. ಪದಕ ಪ್ರಕಟವಾದ ಮೇಲೆ ಒಂದು ದಿನ ಅವರು ಸುಮ್ಮನೆ, ಮನಸ್ಸಿನ ಸಮಾಧಾನಕ್ಕೆಂದು, ಅದರ ಹಸಿರು ದಂಟಿನಿಂದ ರಸ ತೆಗೆದು ಗಾಜಿನ ತಟ್ಟೆಯಲ್ಲಿ ಹಾಕಿಟ್ಟರು. ಎರಡು ದಿನ ಬಿಟ್ಟು ನೋಡಿದರೆ ತಟ್ಟೆಯ ತುಂಬ ಹಳದಿ ಚುಕ್ಕೆಗಳು. ರೋಗಾಣು ಜೀವಂತವಾಗಿತ್ತು.

"ಅದು ರೋಗಾನ ಗೆದ್ದಿರಲಿಲ್ಲ," ಅಂದರು. "ಒಳಗೇ ಇಟ್ಕೊಂಡು ಬದುಕಿತ್ತು. ತನಗೇನೂ ಆಗ್ತಿರಲಿಲ್ಲ. ಆದ್ರೆ ಅದನ್ನ ಕೊಯ್ದ ಕತ್ತಿ ಎಲ್ಲೆಲ್ಲಿಗೆ ಹೋಗುತ್ತೋ ಅಲ್ಲೆಲ್ಲ ಸಾವು. ಗೆಡ್ಡೆ ಸೀಳಿ ಕಂದು ತೆಗೆದ್ರೆ ಆ ಎಳೇ ಕಂದುಗಳೂ ಎಷ್ಟೋ ಸಾಯುತ್ವೆ."

"ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ."

"ಗಿಡ ಕಳುವಾಯ್ತು. ಎಲ್ಲೋ ಯಾರೋ ಅದನ್ನ ನೆಡ್ತಾರೆ ಅಂತ ಗೊತ್ತಿತ್ತಲ್ಲ. ಆಗ್ಲಾದ್ರೂ ಒಂದು ಮಾತು ರೇಡಿಯೋದಲ್ಲಿ ಹೇಳಬಹುದಿತ್ತು. ಮುಟ್ಟಬೇಡಿ, ಹೂತುಬಿಡಿ ಅಂತ."

"ಹೇಳಬಹುದಿತ್ತು."

ಗಾಜಿನ ಮನೆಯೊಳಗೆ ಸೆಕೆ. ಸೆಬ್ಸಿಬೆಗೆ ಅವರ ಕತ್ತಿನ ಪಟ್ಟಿ ಹಿಡಿದು ಎಬ್ಬಿಸಿ, ಯೆಶೆರೆಯ ತೋಟಗಳ ನಡುವೆ ನಡೆಸಬೇಕೆನ್ನಿಸಿತು. ಯಾವ ಕಾಯ್ದೆಯಡಿ ಬಂಧಿಸುವುದು? ಗಿಡದ ಬಗ್ಗೆ ಸುಮ್ಮನಿದ್ದದ್ದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಪದಕ ಕೊಟ್ಟವರೇ ಇದನ್ನು ಮುಚ್ಚಿಹಾಕಲು ಮೊದಲು ಓಡಿಬರುತ್ತಾರೆ.

"ಯಾಕೆ?" ಅಂದ.

"ಯಾಕಂದ್ರೆ ನನಗೆ ಇನ್ನೊಂದು ಸಿಕ್ಕಿತ್ತು."

ಜೆರ್ಗಾವ್ ಎದ್ದು ಗಾಜಿನಾಚೆ ಕೈ ತೋರಿಸಿದರು. ಮೊಂಡಿ ನಿಂತಿದ್ದ ಜಾಗ ಈಗ ಬರೀ ಕಳೆ. ಅದೇ ಸಾಲಿನ ತುದಿಯಲ್ಲಿ, ಬೇಲಿಯ ಮಗ್ಗುಲಲ್ಲಿ, ಇನ್ನೊಂದು ತಗ್ಗು ಇತ್ತು.

ಅದೂ ಅದೇ ತಾಯಿಗಿಡದ ಬೀಜ. ಅದೇ ಕಪ್ಪು ನರ. ಬೆಳವಣಿಗೆ ಕಡಿಮೆ, ಮೊಣಕಾಲೆತ್ತರ ಬಂದು ನಿಂತುಬಿಟ್ಟಿದ್ದರಿಂದ ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಮೊಂಡಿಯ ಗುಟ್ಟು ಗೊತ್ತಾದ ಮೇಲೆ ಜೆರ್ಗಾವ್ ಹುಚ್ಚು ಹಿಡಿದವರಂತೆ ಉಳಿದ ಎಲ್ಲ ಕಾಡುಗಿಡಗಳಿಗೂ ರೋಗಾಣು ಚುಚ್ಚಿ, ರಸ ತೆಗೆದು, ತಟ್ಟೆಯಲ್ಲಿಟ್ಟು ನೋಡಿದ್ದರು. ಎಲ್ಲ ತಟ್ಟೆಗಳೂ ಹಳದಿಯಾದವು. ಆ ಗಿಡ್ಡ ಗಿಡದ ತಟ್ಟೆ ಮಾತ್ರ ಖಾಲಿ ಉಳಿಯಿತು. ಮತ್ತೆ ಚುಚ್ಚಿದರು, ಮತ್ತೆ ಖಾಲಿ. ತಿಂಗಳುಗಟ್ಟಲೆ ಹೀಗೇ. ಅದರ ಮೈಯೊಳಗೆ ಹೋದ ರೋಗಾಣು ಸಾಯುತ್ತಿತ್ತು.

"ಜೀವಮಾನದಲ್ಲಿ ನಾನು ಹುಡುಕಿದ್ದು ಅದನ್ನ," ಅಂದರು. ದನಿ ಮೊದಲ ಸಲ ಒಡೆಯಿತು. "ಅದು ದೊಡ್ಡದಾಗಲಿ, ಹೂ ಬಿಡಲಿ. ನಮ್ಮ ತಳಿಗಳ ಜೊತೆ ಕೂಡಿಸಿ, ಇದೇ ಮೊಂಡಿ ಅಂತ ಕೊಟ್ಟುಬಿಡೋಣ ಅಂದ್ಕೊಂಡೆ. ಯಾರಿಗೂ ತಪ್ಪು ಗೊತ್ತಾಗದ ಹಾಗೆ."

"ಅದು ನಿಮಗೊಬ್ಬರಿಗೇ ಗೊತ್ತಿದ್ದದ್ದಾ?"

"ನನಗೆ. ಮತ್ತೆ ಶೆಮ್ಸುಗೆ. ಮೇಕೆ ನುಗ್ಗದ ಹಾಗೆ ನೋಡ್ಕೋ, ಇದು ನನಗೆ ಬೇಕು ಅಂತ ಅಷ್ಟೇ ಹೇಳಿದ್ದೆ. ಅದಕ್ಕೊಂದು ಹೆಸರೂ ಇರಲಿಲ್ಲ. ಕಳುವಾದಾಗ ಎರಡೂ ಹೋದ್ವು. ಒಂದರದೇ ದೂರು ಕೊಟ್ಟೆ. ಎರಡನೇದರ ಮಾತೆತ್ತಿದ್ರೆ ಮೊದಲನೇದರ ಸುಳ್ಳೂ ಹೊರಬೀಳ್ತಿತ್ತು."

ತೆಂಗಿನಕಾಯಿಯಷ್ಟು ಸಣ್ಣದು. ನಮ್ಮನೆಗೆ ಇಷ್ಟೇ ಸಾಕು.

ಶೆಮ್ಸು ಊರಿಗೆ ಒಳ್ಳೆಯದಾಗಲೆಂದು ಹೆಸರಾಂತ ದೊಡ್ಡ ಗೆಡ್ಡೆಯನ್ನು ಕೊಟ್ಟಿದ್ದ. ತನಗೆ ಹೆಸರಿಲ್ಲದ ಸಣ್ಣದನ್ನು ಇಟ್ಟುಕೊಂಡಿದ್ದ. ಊರಿಗೆ ಕೊಟ್ಟದ್ದು ಸಾವು. ಮನೆಯಲ್ಲಿ ಉಳಿದದ್ದು ಮದ್ದು.

ಕಪ್ಪು ನರದ ಕಂದುಗಳನ್ನು ಒಂದೂ ಬಿಡದೆ ಕಿತ್ತು ಕೊಚ್ಚಲು ಬೆಳಗ್ಗೆ ಅಪ್ಪಣೆ ಕೊಟ್ಟು ಬಂದವನು ಸೆಬ್ಸಿಬೆಯೇ.

ಮಂದೆಫ್ರೊಗೆ ಫೋನ್ ಮಾಡಿದ. ಹತ್ತಲಿಲ್ಲ. ಕಾನ್‌ಸ್ಟೆಬಲ್‌ಗಳಿಗೆ ಮಾಡಿದ. ಅದೂ ಇಲ್ಲ. ಯೆಶೆರೆ ಇರುವ ತಗ್ಗಿನಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ದಿಬ್ಬದ ಮೇಲೆ ಮಾತ್ರ. ಇವತ್ತು ಎಲ್ಲರೂ ತೋಟಗಳಲ್ಲಿ ಗುಂಡಿ ತೋಡುತ್ತಿರುತ್ತಾರೆ.

"ಕಣ್ಣಲ್ಲಿ ನೋಡಿ ಗುರುತು ಹಿಡೀಬಹುದಾ, ಯಾವುದು ಯಾವುದು ಅಂತ?" ಎಂದು ಕೇಳುತ್ತಲೇ ಬಾಗಿಲ ಕಡೆ ಓಡಿದ.

"ಇಲ್ಲ," ಅಂದರು ಜೆರ್ಗಾವ್ ಹಿಂದಿನಿಂದ. "ನನಗೂ ಆಗಲ್ಲ."

* * *

ಊರ ನಡುವಿನ ಅಗಲವಾದ ಹುಲ್ಲುಹಾದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡೂ ಬದಿಯ ದುಂಡು ಮನೆಗಳಿಂದ ಹೆಂಗಸರು ಕಿತ್ತ ಗಿಡಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಗಂಡಸರು ಗುಂಡಿ ತೋಡುತ್ತಿದ್ದರು. ಹೆರೆದ ಹಿಟ್ಟನ್ನು ಹುಳಿ ಬರಿಸಲು ಗುಂಡಿಗಿಡುವ ಕೈಗಳು ಇವತ್ತು ಹಿಟ್ಟಾಗುವ ಮೊದಲೇ ಗಿಡಗಳನ್ನು ಮಣ್ಣಿಗೆ ಹಾಕುತ್ತಿದ್ದವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮಂದೆಫ್ರೊ ಕೆಸರಿನಲ್ಲಿ ಮುಳುಗಿದ್ದ. ಸೆಬ್ಸಿಬೆ ಅವನ ಭುಜ ಹಿಡಿದು, ಶೆಮ್ಸುವಿನ ಮನೆಗೆ ಹೋಗಿದ್ದಿರಾ ಎಂದು ಕೇಳಿದ.

ಇಲ್ಲ, ಅದು ಊರ ತುದಿ, ಕೊನೆಗಿಟ್ಟುಕೊಂಡಿದ್ದೇವೆ, ಎಳೆ ಕೂಸಿರುವ ಮನೆ ಅಲ್ಲವಾ ಅಂದ ಮಂದೆಫ್ರೊ.

ಸೆಬ್ಸಿಬೆಗೆ ಬೆಳಗಿನಿಂದ ಮೊದಲ ಸಲ ಸಲೀಸಾಗಿ ಉಸಿರು ಬಂತು. ನಾನು ಹೇಳುವ ತನಕ ಆ ಹಿತ್ತಲಿಗೆ ಯಾರೂ ಕಾಲಿಡಬಾರದು ಎಂದು ಹೇಳಿ, ಜೀಪು ಅಲ್ಲೇ ಬಿಟ್ಟು ನಡೆದ. ನಡೆದದ್ದಲ್ಲ, ಅರ್ಧ ಓಡಿದ.

ಮಿಸ್ಕಿಯಾ ಹೊಸ್ತಿಲಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವನನ್ನು ಕಂಡು ಸೆರಗು ಸರಿಪಡಿಸಿಕೊಂಡು ಎದ್ದಳು. ನಕ್ಕಳು. ಈ ಒಂದು ವರ್ಷದಲ್ಲಿ ಅವಳು ನಕ್ಕದ್ದನ್ನು ಸೆಬ್ಸಿಬೆ ನೋಡಿರಲಿಲ್ಲ. ಬಂದಾಗಲೆಲ್ಲ ಗೋಡೆಯ ಕಡೆ ಮುಖ ಮಾಡಿ, ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಅನ್ನುತ್ತಿದ್ದವಳು ಅವಳು.

"ಬನ್ನಿ ಗಾಶೆ," ಅಂದಳು. ದೊಡ್ಡಣ್ಣನನ್ನು ಕರೆಯುವ ಹಾಗೆ ಕರೆದಳು. "ಕಾಫಿ ಈಗಷ್ಟೇ ಇಳಿಸಿದೆ. ಇನ್ನೂ ಬಿಸಿ ಇದೆ."

ಅವನು ಹಿತ್ತಲಿಗೆ ದಾರಿ ಕೇಳಿದ. ಅವಳು ತೋರಿಸಿದಳು.

ಅಲ್ಲಿ ಹಳೇ ಎನ್ಸೆಟ್ ಗಿಡಗಳು ದಟ್ಟ ಹಸಿರಾಗಿ ನಿಂತಿದ್ದವು. ಊರಿಗೆಲ್ಲ ಬಂದ ರೋಗ ಈ ಹಿತ್ತಲಿಗೆ ಬಂದಿರಲಿಲ್ಲ. ಅವುಗಳ ನಡುವೆ ಹೊಸದಾಗಿ ಅಗೆದ ಒಂದು ಗುಂಡಿ ಇತ್ತು. ಮಣ್ಣು ಇನ್ನೂ ಕಪ್ಪಗೆ, ಒದ್ದೆಯಾಗಿತ್ತು. ಬೇರಿನ ಎಳೆಗಳು ಅಂಚಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಯಾರೋ ತುಂಬ ಜೋಪಾನವಾಗಿ, ಗೆಡ್ಡೆಗೂ ಅದರ ಸುತ್ತಲ ಕಂದುಗಳಿಗೂ ಗಾಯವಾಗದ ಹಾಗೆ ಎತ್ತಿದ್ದರು. ಒಂದು ತುಣುಕೂ ಉಳಿದಿರಲಿಲ್ಲ.

ಸೆಬ್ಸಿಬೆ ಮೊಣಕಾಲೂರಿ ಕೂತು ಮಣ್ಣಿನಲ್ಲಿ ಬೆರಳಾಡಿಸಿದ. ಆಮೇಲೆ ಎದ್ದು, ಆದಷ್ಟು ಮೆಲ್ಲಗೆ, ಇದನ್ನು ಯಾರು ಕಿತ್ತರು ತಂಗಿ ಎಂದು ಕೇಳಿದ.

"ಡಾಕ್ಟರ್ ಬಂದಿದ್ರು," ಅಂದಳು ಮಿಸ್ಕಿಯಾ. "ಡಾಕ್ಟರ್ ಜೆರ್ಗಾವ್. ನೀವು ಬರೋಕೆ ಸ್ವಲ್ಪ ಮುಂಚೆ ಹೋದ್ರು. ದಾರೀಲಿ ಸಿಗ್ಲಿಲ್ವಾ?"

ಡಾಕ್ಟರ್ ಜೆರ್ಗಾವರನ್ನು ಗಾಜಿನ ಮನೆಯಲ್ಲಿ ಬಿಟ್ಟು ನೇರ ಇಲ್ಲಿಗೆ ಬಂದಿದ್ದವನು ಸೆಬ್ಸಿಬೆ.

"ಅವರನ್ನ ಮೊದಲು ನೋಡಿದ್ಯಾ?"

ಇಲ್ಲ, ಶೆಮ್ಸು ಸತ್ತಾಗಲೂ ಅವರು ಬಂದಿರಲಿಲ್ಲ, ದೊಡ್ಡವರು, ನಮ್ಮಂಥವರ ಮನೆಗೆ ಯಾಕೆ ಬರುತ್ತಾರೆ ಅಂದುಕೊಂಡಿದ್ದೆ ಅಂದಳು. ಹಾಗೆ ಅಂದುಕೊಂಡದ್ದು ತಪ್ಪಾಯಿತು ಅಂದಳು. ಎತ್ತರದ ಮನುಷ್ಯ, ನರೆತ ಗಡ್ಡ, ಎಷ್ಟು ಮೆತ್ತಗೆ ಮಾತಾಡುತ್ತಾರೆ. ನೆಲದ ಮೇಲೇ ಕೂತು ಕೊಚೊ ರೊಟ್ಟಿ, ಬೆಣ್ಣೆ ಹಾಕಿದ ಸೊಪ್ಪು ತಿಂದರು. ಮಗುವನ್ನು ಎತ್ತಿಕೊಂಡರು. ಆ ಗಿಡ ಕೇಂದ್ರದ್ದು, ಹಾಗಂತ ಶೆಮ್ಸುವನ್ನು ಯಾರೂ ಕಳ್ಳ ಅನ್ನದ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂದರು. ಅವಳು ತಾನೇ ಗುದ್ದಲಿ ತಂದುಕೊಟ್ಟಳು.

"ಅಷ್ಟಕ್ಕೇ ನಂಬಿದ್ಯಾ ತಂಗಿ?"

ಮಿಸ್ಕಿಯಾ ತಲೆಯಾಡಿಸಿದಳು. ಅವಳ ಕಣ್ಣು ತುಂಬಿ ಬಂತು, ಆದರೆ ಮುಖದ ನಗು ಹೋಗಲಿಲ್ಲ.

"ಇಲ್ಲ ಗಾಶೆ. ಮೊದಲು ಕೊಡಲ್ಲ ಅಂದೆ. ಇದು ನನ್ನ ಗಂಡ ನೆಟ್ಟದ್ದು ಅಂದೆ. ಆಗ ಅವರು ಹೇಳಿದ್ರು. ಶೆಮ್ಸು ಕೊನೇಲಿ ನಿನ್ನ ನೆನೆಸ್ಕೊಂಡ, ಹುಟ್ಟೋದು ಹೆಣ್ಣಾದ್ರೆ ನೂರಿಯಾ ಅಂತ ಹೆಸರಿಡೋಕೆ ಹೇಳು ಅಂದ, ಅಂತ."

ಮಗು ಕೈಚಾಚಿ ಅವಳ ಮೂಗು ಹಿಡಿಯಿತು. ಅವಳು ಆ ಪುಟ್ಟ ಬೆರಳುಗಳನ್ನು ಬಿಡಿಸಿಕೊಂಡಳು.

"ನೂರಿಯಾ ಅವನ ತಾಯಿ ಹೆಸರು. ಅವನು ಚಿಕ್ಕವನಿದ್ದಾಗ, ಈ ಊರಿಗೆ ಬರೋ ಮುಂಚೆನೇ ಅವರು ಹೋದ್ರು, ಈ ಊರಲ್ಲಿ ಯಾರಿಗೂ ಆ ಹೆಸರು ಗೊತ್ತಿಲ್ಲ. ನನಗೊಬ್ಬಳಿಗೇ ಹೇಳಿದ್ದ. ಅವನು ಹೇಳದೆ ಅವರಿಗೆ ಹೇಗೆ ಗೊತ್ತಾಗುತ್ತೆ?"

ಗೊತ್ತಾಗುವುದಿಲ್ಲ. ಅದು ಸೆಬ್ಸಿಬೆಗೂ ಗೊತ್ತಿತ್ತು. ಚರಂಡಿಯಿಂದ ಎತ್ತಿದಾಗ ಶೆಮ್ಸುವಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲೂ ಬರಲಿಲ್ಲ. ತಲೆಗೆ ಏಟು ಬಿದ್ದ ಮೇಲೆ ಅವನ ಬಾಯಿಂದ ಬಂದ ಮಾತನ್ನು ಕೇಳಲು ಸಾಧ್ಯವಿದ್ದದ್ದು ಒಬ್ಬನಿಗೆ ಮಾತ್ರ. ಏಟು ಹಾಕಿ ಪಕ್ಕದಲ್ಲೇ ನಿಂತಿದ್ದವನಿಗೆ.

ಅವನು ಇಲ್ಲಿಗೆ ಬಂದು, ನೆಲದ ಮೇಲೆ ಕೂತು, ಊಟ ಮಾಡಿ, ಮಗುವನ್ನು ಎತ್ತಿಕೊಂಡು ಹೋಗಿದ್ದ. ನಾಡಿಗೇ ಉಳಿದಿದ್ದ ಒಂದೇ ಒಂದು ಒಳ್ಳೆಯ ಗಿಡವನ್ನು ಅವಳ ಕೈಯಿಂದಲೇ ಇಸಿದುಕೊಂಡು ಹೋಗಿದ್ದ.

ಸೆಬ್ಸಿಬೆ ಊರ ದಾರಿಯ ಕಡೆ ನೋಡಿದ. ಹೊಳೆಯ ಸೇತುವೆಯ ತನಕ ಗುದ್ದಲಿ ಹಿಡಿದವರು, ಹೊರೆ ಹೊತ್ತವರು. ಇವತ್ತು ಈ ಊರಿಂದ ಬೇರು ಸಮೇತ ಕಿತ್ತ ಎನ್ಸೆಟ್ ಹೊತ್ತುಕೊಂಡು ಹೋಗುವ ಒಬ್ಬ ಮನುಷ್ಯನನ್ನು ಯಾರೂ ತಿರುಗಿ ನೋಡುವುದಿಲ್ಲ. ಆ ಸೌಕರ್ಯ ಮಾಡಿಕೊಟ್ಟವನೂ ತಾನೇ.

"ಅವರು ಕಾರಲ್ಲಿ ಬಂದಿದ್ರಾ? ಯಾವ ಕಡೆ ಹೋದ್ರು?"

ಅವಳಿಗೆ ಗೊತ್ತಿರಲಿಲ್ಲ. ಮಗು ಅಳುತ್ತಿತ್ತು, ಒಳಗೆ ಹೋಗಿದ್ದೆ ಅಂದಳು. ಆಮೇಲೆ ಅವನ ಮುಖ ನೋಡಿ, "ಯಾಕೆ ಗಾಶೆ, ನಾನು ಕೊಡಬಾರದಿತ್ತಾ?" ಎಂದು ಕೇಳಿದಳು.

ನಿಜ ಹೇಳಲು ಬಾಯಿ ತೆರೆದ. ಅವಳ ಮುಖದ ಮೇಲೆ ಒಂದು ವರ್ಷದ ಮೇಲೆ ಬಂದ ಬೆಳಕು ಇನ್ನೂ ಹಾಗೇ ಇತ್ತು. ಗಂಡನ ಕೊನೆಯ ಮಾತು ಕೊನೆಗೂ ಅವಳಿಗೆ ಸಿಕ್ಕಿತ್ತು. ಅದನ್ನು ತಂದುಕೊಟ್ಟವನು ಯಾರೆಂದು ಹೇಳಿದರೆ ಆ ಮಾತೂ ಅವಳಿಂದ ಹೋಗುತ್ತಿತ್ತು.

"ಪರವಾಗಿಲ್ಲ ತಂಗಿ," ಅಂದ.

ಅವಳಿಗೆ ಸಮಾಧಾನವಾಯಿತು. ಮಗುವನ್ನು ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತ, ಜೆಮಿಲಾ ಅಂತ ಹೆಸರಿಟ್ಟಿದ್ದೆ, ಈಗ ಬದಲಾಯಿಸಬಹುದಲ್ಲವಾ, ಇನ್ನೂ ಚಿಕ್ಕದು, ಅದಕ್ಕೇನು ತಿಳಿಯುತ್ತದೆ ಅಂದಳು.

"ಬರೋ ಶುಕ್ರವಾರ ನಮಾಜಾದ ಮೇಲೆ ನಾಲ್ಕು ಜನಾನ ಕರೆದು ಹೊಸ ಹೆಸರು ಇಡ್ತೀನಿ," ಅಂದಳು ಮಿಸ್ಕಿಯಾ. "ಡಾಕ್ಟರೂ ಬರ್ತೀನಿ ಅಂದಿದಾರೆ. ನೀವೂ ಬನ್ನಿ ಗಾಶೆ."